ಬೂಟು ತೊಳೆಯುವ ಬಕೆಟ್ಟು

ಯುದ್ಧ ಬರಲಿ, ಪ್ರಳಯವೇ ಬರಲಿ, ಬೂಟು ತೊಳೆಯದೆ ನನ್ನ ಮಾವ ಎಜ್ರಾ ಟೊವೆಲ್ ಅವರ ದೋಣಿ ಹತ್ತುವಂತಿರಲಿಲ್ಲ. ಥೇಮ್ಸ್ ಅಳಿವೆಯ ಕೆಸರಿನಲ್ಲಿ ಕಪ್ಪೆಚಿಪ್ಪು ಕೆರೆದು ಬದುಕುವ ನಮಗೆಲ್ಲ ಆ ಅಭ್ಯಾಸವಿದೆ, ನಿಜ. ಆದರೆ ಮಾವನದು ಅಭ್ಯಾಸವಲ್ಲ, ರೋಗ. ಒಮ್ಮೆ ನಮ್ಮ ಚರ್ಚಿನ ಪಾದ್ರಿಯನ್ನೇ ಬಕೆಟ್ಟಿನ ಮುಂದೆ ಒಂಟಿಕಾಲಲ್ಲಿ ನಿಲ್ಲಿಸಿದ್ದರು.

1940ರ ಮೇ ತಿಂಗಳ ಕೊನೆಯಲ್ಲಿ, ಕಡಲಾಚೆಯ ಡನ್‌ಕರ್ಕ್ ತೀರದಲ್ಲಿ ಜರ್ಮನ್ನರ ಮುತ್ತಿಗೆಯಲ್ಲಿ ನಮ್ಮ ಸೈನ್ಯ ಸಿಕ್ಕಿಬಿದ್ದಿದೆ, ಸಣ್ಣ ದೋಣಿಗಳೂ ಬನ್ನಿ ಎಂದು ನೌಕಾಪಡೆಯಿಂದ ಕರೆ ಬಂತು. ಸಿಕ್ಕಿಬಿದ್ದವರಲ್ಲಿ ಮಾವನ ಒಬ್ಬನೇ ಮಗ ರೂಬೆನ್ ಕೂಡ ಇದ್ದ. "ಜನ್ಮವಿಡೀ ಕೆಸರು ಕೆರೆಯೋದಕ್ಕಿಂತ ಗುಂಡೇಟು ತಿನ್ನೋದೇ ವಾಸಿ" ಎಂದು ಅಪ್ಪನ ಜೊತೆ ಜಗಳವಾಡಿ ಸೈನ್ಯ ಸೇರಿದವನು. ಅಂದಿನಿಂದ ಮಾವ ಅವನ ಹೆಸರೆತ್ತಿರಲಿಲ್ಲ. ನಾನು ದೋಣಿಯ ಎಂಜಿನ್ ನೋಡಿಕೊಳ್ಳುವವನು. ಹೊರಡುವಾಗ ಅತ್ತೆ ಡಾರ್ಕಸ್ ಬ್ರೆಡ್ಡಿನ ಗಂಟನ್ನು ನನ್ನ ಕೈಗಿಟ್ಟು, "ಅವನಿಲ್ದೆ ಇಬ್ರೂ ಮನೆಗೆ ಬರ್ಬೇಡಿ" ಎಂದರು.

"ಲಕ್ಷಗಟ್ಲೆ ಜನ ಇದ್ದಾರಂತೆ ಅತ್ತೆ. ಎಲ್ಲೀಂತ ಹುಡುಕೋದು?"

"ಕಿವಿ ನೋಡು. ಅಪ್ಪನ ಥರಾನೇ ಮೊರದಗಲ."

ಮಾವ ಕೇಳಿಸದವರಂತೆ ಹಗ್ಗ ಬಿಚ್ಚಿದರು.

ಮರುದಿನ ಬೆಳಿಗ್ಗೆ ತಲುಪಿದೆವು. ನಮ್ಮದು ಚಪ್ಪಟೆ ತಳದ ದೋಣಿ. ದಡದ ಹತ್ತಿರ ಹೋಗಿ ಸೈನಿಕರನ್ನು ತುಂಬಿಕೊಂಡು, ಆಳದಲ್ಲಿ ನಿಂತ ಹಡಗಿಗೆ ಮುಟ್ಟಿಸುವುದು ಕೆಲಸ. ಅವರು ಎದೆಮಟ್ಟದ ನೀರಿನಲ್ಲಿ ನಡೆದು ಬರುತ್ತಿದ್ದುದರಿಂದ ಬೂಟುಗಳು ತಾವಾಗಿಯೇ ತೊಳೆದುಹೋಗಿದ್ದವು. ಮಾವನಿಗೆ ಅದೊಂದು ನೆಮ್ಮದಿ. ಮೂರು ಸಲ ಸಲೀಸಾಗಿ ಹೋಗಿಬಂದೆವು. ನಾನು ಹತ್ತಿದವರ ಕಿವಿಗಳನ್ನೇ ನೋಡುತ್ತಿದ್ದೆ. ಒಂದೂ ಮೊರದಗಲ ಇರಲಿಲ್ಲ.

ನಾಲ್ಕನೆಯ ಸಲ ದಡಕ್ಕೆ ಬಂದಾಗ ಇಳಿತ ಶುರುವಾಯಿತು. ನೀರು ಇಳಿಯುವಾಗ ತಲೆ ನೆಟ್ಟಗಿರುವವನು ದೋಣಿಯನ್ನು ಹಿಂದಕ್ಕೆ ಒಯ್ಯುತ್ತಾನೆ. ನಮ್ಮ ಕಸುಬೇ ಉಲ್ಟಾ. ದೋಣಿಯನ್ನು ಮರಳ ಮೇಲೆ ಕೂರಿಸಿ, ಇಳಿದು ಚಿಪ್ಪು ಕೆರೆದು, ಉಬ್ಬರ ಬಂದಾಗ ತೇಲಿಕೊಂಡು ಮನೆಗೆ ಹೋಗುವವರು ನಾವು. ಕರೆ ಬಂದಾಗಿನಿಂದ ಎರಡು ರಾತ್ರಿ ನಿದ್ದೆಗೆಟ್ಟಿದ್ದ ಮಾವ, ನಲವತ್ತು ವರ್ಷ ಮಾಡಿದ್ದನ್ನೇ ಮಾಡಿದರು. ಲಂಗರು ಬಿಟ್ಟು, ಎಂಜಿನ್ ನಿಲ್ಲಿಸೆಂದು ಕೈಸನ್ನೆ ಮಾಡಿದರು. ನನ್ನ ಕೈಯೂ ಪ್ರಶ್ನೆ ಕೇಳದೆ ನಿಲ್ಲಿಸಿತು. ಕೂತಲ್ಲೇ ಇಬ್ಬರಿಗೂ ಜೊಂಪು ಹತ್ತಿತು. ಕಣ್ಣುಬಿಟ್ಟಾಗ ಸುತ್ತಲೂ ಮರಳು.

ಮಾವ ಎದ್ದವರೇ ಚಿಪ್ಪು ಕೆರೆಯುವ ಕುಂಟೆಯನ್ನು ಹೆಗಲಿಗೇರಿಸಿ ಇಳಿಯಲು ಹೊರಟರು. ಎದುರಿಗೆ ಸಾಲುಗಟ್ಟಿ ನಿಂತ ಸೈನಿಕರನ್ನು ಕಂಡು, "ಅಯ್ಯೋ" ಎಂದು ಮೆಲ್ಲಗೆ ಕುಂಟೆ ಕೆಳಗಿಟ್ಟರು.

ಮೀಸೆ ಚಿಗುರುತ್ತಿದ್ದ ನೌಕಾಪಡೆಯ ಅಧಿಕಾರಿಯೊಬ್ಬ ಓಡಿಬಂದ. "ಏನ್ರೀ ಯಜಮಾನ್ರೇ, ದೋಣಿ ಯಾಕ್ರೀ ಇಲ್ಲಿ ಕೂರಿಸಿದ್ರಿ?"

"ಕೂತಿದೆ. ಏಳುತ್ತೆ."

"ಯಾವಾಗ?"

"ಒಂದೈದು ತಾಸು ತಡೀರಿ."

"ಅಷ್ಟರಲ್ಲಿ ಜರ್ಮನ್ನರು ಬಂದ್ರೆ?"

"ಬೂಟು ತೊಳ್ಕೊಂಡು ಹತ್ಲಿ."

ಅಧಿಕಾರಿ ಹಲ್ಲು ಕಡಿದು, ಅಲ್ಲಿದ್ದ ಸೈನಿಕರನ್ನು ಬೇರೆ ದೋಣಿಗಳ ಕಡೆಗೆ ಅಟ್ಟಿದ.

ಎರಡು ಸಲ ಬಾಂಬರ್ ವಿಮಾನಗಳು ಬಂದವು. ನಮ್ಮದು ಕೆಟ್ಟು ಬಿದ್ದ ದೋಣಿ ಎಂದುಕೊಂಡವೋ ಏನೋ, ತಲೆಯ ಮೇಲೆಯೇ ಹಾದು ಬೇರೆಯವರನ್ನು ಹುಡುಕಿಕೊಂಡು ಹೋದವು. ನನಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಬಾಯಿಯ ಬಿರುಸೆಲ್ಲ ಇಳಿದ ಮೇಲೆ ಮಾವ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಇಷ್ಟೊತ್ತಿಗೆ ಇನ್ನೂ ಐದು ಸಲ ಹೋಗಿ ಬರ್ಬಹುದಿತ್ತು. ಅವನೂ ಸಿಕ್ಕಿರ್ತಿದ್ದನೋ ಏನೋ" ಎಂದರು.

'ಅವನು' ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಎರಡು ವರ್ಷದ ಮೇಲೆ. ಅತ್ತೆಗೆ ಏನು ಹೇಳುವುದೋ ತಿಳಿಯದೆ ನಾನು ಅವರು ಕೊಟ್ಟ ಬ್ರೆಡ್ಡಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಉಬ್ಬರದ ಮೊದಲ ನೀರು ದೋಣಿಯ ಹಿಂಭಾಗಕ್ಕೆ ಮುಟ್ಟುವ ಹೊತ್ತಿಗೆ, ದೂರದಿಂದ ಒಂದು ಗುಂಪು ನೇರ ನಮ್ಮ ಕಡೆಗೇ ಬಂತು. ಮೂವತ್ತು ಜನರಿರಬಹುದು. ಮುಂದಿದ್ದವನ ಕಿವಿಗಳನ್ನು ನಾನು ನೂರು ಮಾರು ದೂರದಿಂದಲೇ ಗುರುತಿಸಿದೆ.

"ಎರಡು ಮೈಲಿ ಆಚೆಯಿಂದ ನೋಡ್ದೆ ಭಾವ," ಎಂದ ರೂಬೆನ್, ಏದುಸಿರು ಬಿಡುತ್ತ. "ಎಲ್ಲಾ ದೋಣಿಗಳೂ ನೀರಿನ ಹಿಂದೆ ಓಡ್ತಿವೆ, ಒಂದು ಮಾತ್ರ ಮರಳ ಮೇಲೆ ಆರಾಮಾಗಿ ಕೂತಿದೆ. ಯುದ್ಧದ ಮಧ್ಯೆ ಹಿಂಗೆ ಕೂರಿಸೋನು ಲೋಕದಲ್ಲಿ ಒಬ್ನೇ, ನಮ್ಮಪ್ಪ, ಅಂತ ಇವರಿಗೆಲ್ಲಾ ಹೇಳ್ದೆ. ಅಲ್ಲಾ, ನಿನಗಾದ್ರೂ ಬುದ್ಧಿ ಬೇಡ್ವಾ, ನೀನೂ ಎಂಜಿನ್ ನಿಲ್ಲಿಸ್ದೆಯಾ?"

ಹಾಗೆಂದು ದೋಣಿಗೆ ಕಾಲಿಡಲು ಹೋದ.

"ಬೂಟು," ಎಂದರು ಮಾವ.

ರೂಬೆನ್ ಕಾಲು ಹಿಂದಕ್ಕೆ ತೆಗೆದ. ಅವನ ಹಿಂದಿದ್ದ ಮೂವತ್ತು ಜನರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಮಾವ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಇಳಿದರು. ಜನ್ಮದಲ್ಲಿ ಯಾರ ಬೂಟನ್ನೂ ತಾವಾಗಿ ತೊಳೆದುಕೊಟ್ಟವರಲ್ಲ. ಮರಳಿನಲ್ಲಿ ಮಂಡಿಯೂರಿ, ಮಗನ ಬೂಟಿನ ಮೇಲೆ ನೀರು ಸುರಿದು ಕೈಯಿಂದ ಉಜ್ಜಿದರು. ಕೆಸರು ಹೋಯಿತು. ಮತ್ತೆ ಸುರಿದರು, ಮತ್ತೆ ಉಜ್ಜಿದರು. ತಲೆ ಮೇಲೆತ್ತಲಿಲ್ಲ.

"ಸಾಕಪ್ಪಾ. ನೀರು ಬಂತು, ಏಳು."

"ಸುಮ್ನಿರೋ," ಎಂದರು ಮಾವ. "ಇನ್ನೂ ಕೆಸರಿದೆ."