ಆನರ್ಸ್ ಮೇಜಿನ ಹಿಂದೆ

ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ತಂದೆತಾಯಂದಿರು ಕಾಲೇಜು ನೋಡಲು ಬರುವ ಶನಿವಾರ ಅದು. ಅಮೆರಿಕದ ನೆಬ್ರಾಸ್ಕದ ಆ ಕಾಲೇಜಿನಲ್ಲಿ, ಜಾಣರಿಗೆಂದೇ ಕಠಿಣ ತರಗತಿ ನಡೆಸುವ ಆನರ್ಸ್ ವಿಭಾಗದ ಮೇಜಿನ ಹಿಂದೆ ಟೆಸ್ಸಾ ಹ್ರುಸ್ಕಾ ಹಲ್ಲು ಕಚ್ಚಿಕೊಂಡು ಬಿಸ್ಕತ್ತು ಹಂಚುತ್ತಿದ್ದಳು.

ಹಿಂದಿನ ದಿನ ರಸಾಯನಶಾಸ್ತ್ರದ ಫಲಿತಾಂಶ ಬಂದಿತ್ತು. ಆನರ್ಸ್ ತರಗತಿಯಲ್ಲಿ ನಿದ್ದೆಗೆಟ್ಟು ಓದಿದ ಟೆಸ್ಸಾಗೆ ಬಿ ಗ್ರೇಡು. ಸಾಮಾನ್ಯ ತರಗತಿಯಲ್ಲಿದ್ದು, ಅವಳಿಂದಲೇ ಪಾಠ ಹೇಳಿಸಿಕೊಂಡ ರೂಮ್‌ಮೇಟ್ ಬ್ರಿನ್‌ಗೆ ಎ. ಡಿಗ್ರಿ ಮುಗಿಸಿ ಮೆಡಿಕಲ್ ಸೇರುವವರಿಗೆ ದಾರಿ ಹೇಳುವ ಸಲಹೆಗಾರ್ತಿ ಮುಲಾಜಿಲ್ಲದೆ ಹೇಳಿದ್ದಳು: “ಮೆಡಿಕಲ್ ಕಾಲೇಜಿನವರು ಮೊದಲು ಸೋಸೋದೇ ಸರಾಸರಿ ಅಂಕ ನೋಡಿ ಕಣಮ್ಮ. ಯಾವ ಕ್ಲಾಸಲ್ಲಿ ಕೂತಿದ್ದೆ ಅನ್ನೋದು ಆಮೇಲೆ, ಪುರುಸೊತ್ತಿದ್ರೆ.”

ಬೆಳಿಗ್ಗೆ ಟೆಸ್ಸಾ ಆನರ್ಸ್ ನಿರ್ದೇಶಕ ವಿಟ್‌ಲಾಕ್ ಬಳಿ ಹೋಗಿ, ಆನರ್ಸ್ ಬಿಟ್ಟುಬಿಡ್ತೀನಿ ಎಂದಿದ್ದಳು.

“ಬಿಡು. ಅರ್ಧಕ್ಕೆ ಓಡಿಹೋದವಳಿಗೆ ಶಿಫಾರಸು ಪತ್ರದಲ್ಲಿ ಏನಂತ ಬರೀಲಿ?” ಎಂದು ನಕ್ಕು ಮೇಜಿಗೆ ಕಳಿಸಿದ್ದ. ಆ ಪತ್ರವಿಲ್ಲದೆ ಮೆಡಿಕಲ್ ಕನಸು ಕುಂಟುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಈಗ ಮಗಳೊಂದಿಗೆ ಬಂದ ತಾಯಿಯೊಬ್ಬಳು ಕೇಳಿದಳು: “ಇವಳೂ ಡಾಕ್ಟರಾಗ್ಬೇಕಂತೆ. ಆನರ್ಸ್ ಸೇರಿದ್ರೆ ಲಾಭ ಇದೆಯೇನಮ್ಮಾ?”

“ಹೇಳು ಟೆಸ್ಸಾ, ಸಂಕೋಚ ಬೇಡ,” ಎಂದ ಪಕ್ಕದಲ್ಲಿದ್ದ ವಿಟ್‌ಲಾಕ್.

“ಇತಿಹಾಸ ಓದೋಳಾದ್ರೆ ಸೇರ್ಸಿ. ಕ್ಲಾಸು ಚಿಕ್ಕದು, ಮೇಷ್ಟ್ರು ಹೆಸರು ಹಿಡಿದು ಕರೀತಾರೆ. ಡಾಕ್ಟರಾಗ್ಬೇಕಂದ್ರೆ ಬೇಡ. ಓದೋದು ದುಪ್ಪಟ್ಟು, ಬರೋ ಅಂಕ ಕಮ್ಮಿ.”

“ಒಂದು ಬಿ ಬಂತು ಅಂತ ಇಷ್ಟು ಉರಿ ನೋಡಿ!” ಎಂದು ತಾಯಿಗೆ ಹೇಳಿದ ವಿಟ್‌ಲಾಕ್ ಟೆಸ್ಸಾ ಕಡೆ ತಿರುಗಿದ. “ನಾಳೆ ರೋಗಿ ಸತ್ರೂ ಹೀಗೇ ಓಡ್ತೀಯೇನು?”

“ರೋಗಿ ಮುಖ ನೋಡೋಕೆ ಮೊದಲು ಬಿಡಿ ಸರ್! ಆಸ್ಪತ್ರೇಲಿ ಕೆಲಸ ಕಲೀಬೇಕಾದ ಶನಿವಾರ ನಿಮ್ಮ ಬಿಸ್ಕತ್ತು ಹಂಚ್ತಾ ನಿಂತಿದ್ದೀನಿ.”

ತಾಯಿ ಗಂಭೀರವಾಗಿ ತಲೆಯಾಡಿಸಿದಳು. ಆಮೇಲೆ ದನಿ ತಗ್ಗಿಸಿ, “ಆನರ್ಸ್‌ನವರಿಗೆ ಬೇರೆ ಹಾಸ್ಟೆಲ್ ಅಂತಾರಲ್ಲ, ಅದು ನಿಜಾನಾ?” ಎಂದಳು.

“ನಿಜ. ಹೊಸ ಕಟ್ಟಡ,” ಎಂದ ವಿಟ್‌ಲಾಕ್.

“ಹಾಗಾದ್ರೆ ಇವಳ ಹೆಸರು ಬರ್ಕೊಳ್ಳಿ.”

ಟೆಸ್ಸಾಗೆ ಕಿವಿಯವರೆಗೂ ರಕ್ತ ನುಗ್ಗಿತು. ಇಷ್ಟು ಬಾಯಿಬಿಟ್ಟು ಹೇಳಿದ್ದು ಯಾರಿಗೆ?

“ಅವಳದ್ದು ಬರ್ಕೊಳ್ಳಿ, ನನ್ನದು ಹೊಡೆದುಹಾಕಿ.”

“ಪತ್ರದ ಆಸೆ ಬಿಡು ಮತ್ತೆ.”

“ಜೀವಶಾಸ್ತ್ರದ ಮೇಡಂ ಹತ್ರ ಬರೆಸ್ಕೋತೀನಿ.”

“ಮುನ್ನೂರು ಜನರ ಕ್ಲಾಸು ಅದು. ನೀನು ಯಾರಂತ್ಲೇ ಅವರಿಗೆ ಗೊತ್ತಿಲ್ಲ.”

ಅದು ಸತ್ಯವಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

“ಸೋಮವಾರ ಅವರ ಬಾಗಿಲು ತಟ್ತೀನಿ, ಗೊತ್ತಾಗುತ್ತೆ,” ಎಂದು ಹೊರಗೆ ನಡೆದಳು.