ಚಕ್ರದ ಮೇಲಿನ ಸೀಮೆಸುಣ್ಣದ ಗೆರೆ

ಉಗುರುಬಣ್ಣ ಒರೆಸುವ ದ್ರಾವಣದ ವಾಸನೆ, ಮಗಳ ಮದುವೆಯ ದಿನ ಮನೆಯೆಲ್ಲ ಇದೇ ವಾಸನೆ ಇತ್ತಲ್ಲ, ಈಗ ಟ್ರ್ಯಾಕ್ಟರಿನ ಹೊಟ್ಟೆಯಿಂದ ಬರುತ್ತಿದೆ — ಆರ್ಡಿಸ್ ಮೂಗು ಒರೆಸಿಕೊಂಡಳು, ಒರೆಸಿದ ಕೈಯಲ್ಲೂ ಎಣ್ಣೆ, ಇರಲಿ, ಅದೇ ದ್ರಾವಣದ ಅಸಿಟೋನಿಗೆ ಗೇರ್ ಎಣ್ಣೆ ಬೆರೆಸಿ ಎರಡೂ ಸಿಲಿಂಡರಿಗೆ ಸುರಿದು ವಾರವಾಯಿತು, ಅದು ತುಕ್ಕಿನ ಸಂದಿಗೆ ಇಳಿಯಬೇಕು, ಕಚ್ಚಿಕೊಂಡ ಪಿಸ್ಟನ್ ಬಿಡಬೇಕು, ಬಿಟ್ಟರೆ ಎಂಜಿನ್ನಿನ ಪಕ್ಕಕ್ಕಿರುವ ಈ ದೊಡ್ಡ ಕಬ್ಬಿಣದ ಚಕ್ರ ತಿರುಗುತ್ತದೆ, ತಿರುಗಿದ್ದು ಕಾಣಲೆಂದೇ ಚಕ್ರದಿಂದ ಅದರ ಹಿಂದಿನ ಅಲುಗದ ಕವಚದವರೆಗೆ ಎಳೆದ ಒಂದು ಸೀಮೆಸುಣ್ಣದ ಗೆರೆ. ಚಕ್ರಕ್ಕೆ ಬಿಗಿದ ಉದ್ದನೆಯ ಹಾರೆಗೆ ಮೈಭಾರ ಹಾಕಿ ಹಿಂದಕ್ಕೆ, ಮತ್ತೆ ಮುಂದಕ್ಕೆ. ಗೆರೆ ನೆಟ್ಟಗೇ ಇದೆ, ಹಾಳಾದ್ದು. ಜಗಳ ಆಡ್ಬೇಡ ಕಣೇ, ಸುಮ್ನೆ ಕೇಳ್ತಾ ಇರು, ಕಬ್ಬಿಣಕ್ಕೂ ಮಾನ ಇರತ್ತೆ — ಗಂಡ ಆರಿನ್ ಹಾಗೆನ್ನುತ್ತಿದ್ದ, ಹೆಂಡತಿಯ ಹತ್ತಿರ ಮಾತ್ರ ಆ ತಾಳ್ಮೆ ತೋರಿಸಲಿಲ್ಲ ಮಹಾರಾಯ, ಸತ್ತಿದ್ದೂ ಅವಸರದಲ್ಲೇ, ಊಟದ ತಟ್ಟೆ ಮುಂದಿರುವಾಗಲೇ. ಅವನ ಕೋಟು ಚರ್ಚಿಗೆ ಹೋಯಿತು, ದೋಣಿ ಅಳಿಯನಿಗೆ, ಇದನ್ನು ಮಾತ್ರ ಕೊಡುವುದಿಲ್ಲ, ಆಗಸ್ಟಿನಲ್ಲಿ ಚರ್ಚಿನ ಹೊಲದಲ್ಲಿ ಹಳೆಯ ಯಂತ್ರಗಳ ಒಕ್ಕಣೆ ಮೇಳಕ್ಕೆ ಇದನ್ನು ಈ ಸಲ ಅವಳೇ ಓಡಿಸುತ್ತಾಳೆ, ಇದರ ಸದ್ದು ಕೇಳದೆ ಅವನಿದ್ದ ಮನೆ ಇದೇ ಎಂದು ಅವಳಿಗೆ ಅನ್ನಿಸುವುದೇ ಇಲ್ಲ.

ಆದರೆ ಟ್ರ್ಯಾಕ್ಟರ್ ಮಾವನದು, ಆರಿನ್‌ಗೆ ಎಷ್ಟು ಹಕ್ಕೋ ಅವನ ತಮ್ಮ ವರ್ಲಿನ್‌ಗೂ ಅಷ್ಟೇ, ಆ ವರ್ಲಿನ್ ಹೋದ ಶರತ್ಕಾಲದಲ್ಲಿ ಮರದ ದಿಮ್ಮಿ ಎಳೆಯಲೆಂದು ಒಯ್ದು ತಂದು ನಿಲ್ಲಿಸಿದ, ಹೊಗೆಕೊಳವೆಯ ಮೇಲೆ ಕಾಫಿ ಡಬ್ಬಿ ಬೋರಲು ಹಾಕಲಿಲ್ಲ, ಮಿನ್ನೆಸೋಟದಲ್ಲಿ ಹುಟ್ಟಿದ ಯಾವ ಕೂಸೂ ಮರೆಯದ ಕೆಲಸ, ಮಳೆ ಇಳಿಯಿತು, ಹಿಮ ಕರಗಿ ಇಳಿಯಿತು, ಎಂಜಿನ್ ಕಲ್ಲಾಯಿತು. ಕೇಳಿದರೆ ಡಬ್ಬಿ ಹಾಕಿದ್ದೆ ಅತ್ತಿಗೆ, ಗಾಳಿಗೆ ಹಾರೋಯ್ತು. ಎಂಥ ವಿಧೇಯ ಗಾಳಿ, ಡಬ್ಬಿಯನ್ನು ಅವನ ಜಗಲಿಗೇ ಮುಟ್ಟಿಸಿ ಅದರ ತುಂಬ ಸಿಗರೇಟಿನ ತುಂಡನ್ನೂ ಹಾಕಿಟ್ಟಿತ್ತು, ಅವಳು ಕಣ್ಣಾರೆ ಕಂಡಳು. ಈಗ ಬಿಡಿಭಾಗಕ್ಕೆ ಮಾರೋಣ ಎನ್ನುತ್ತಾನೆ. ನೀನು ಗಾಡಿ ತರುವ ಹೊತ್ತಿಗೆ ಚಕ್ರ ಅಲುಗದಿದ್ದರೆ ಒಯ್ಯಿ ಎಂದು ಅವಳೇ ಒಪ್ಪಿದ್ದಾಳೆ, ಸಿಟ್ಟಿನಲ್ಲಿ ಒಪ್ಪಿದ್ದು, ಒಪ್ಪಿದ್ದು ಒಪ್ಪಿದ್ದೇ. ಹಿಂದಕ್ಕೆ, ಮುಂದಕ್ಕೆ. ಗೆರೆ ನೆಟ್ಟಗೆ.

ಅಂಗಳದಲ್ಲಿ ಟ್ರಕ್ಕು, ಸರಪಳಿಯ ಸದ್ದು, ಬಂದೇಬಿಟ್ಟ, ಬೂಟು ಜಾಡಿಸುತ್ತಿದ್ದಾನೆ, ಸಾಕು ಬಿಡಿ ಅತ್ತಿಗೆ, ನಿಮ್ ಸೊಂಟ ಹಿಡ್ಕೊಂಡ್ರೆ ಅದಕ್ಕೆ ಯಾವ ಎಣ್ಣೆ ಹುಯ್ಯೋದು — ನಗಬೇಕಂತೆ, ನಗುವುದಿಲ್ಲ, ಅವನು ಮೂಲೆಯ ದೊಡ್ಡ ಸುತ್ತಿಗೆ ಎತ್ತಿಕೊಂಡ, ಕೊನೇದಾಗಿ ಎರಡು ಬಿಗೀಲಾ ಎಂದ. ಕೆಳಗಿಡು ವರ್ಲಿನ್, ಒಡೆದುಹೋದ್ರೆ ತಪ್ಪನ್ನ ಮತ್ತೆ ಯಾವ ಗಾಳಿ ಮೇಲೆ ಹಾಕ್ತೀಯ. ಅವನ ಕಿವಿ ಕೆಂಪಗಾಯಿತು, ಸುತ್ತಿಗೆ ಇಟ್ಟ, ಸರಪಳಿ ಹಿಡಿದು ಮುಂದಿನ ಗಾಲಿಗಳ ಅಚ್ಚಿನ ಕೆಳಗೆ ತೂರಿದ, ಕಟ್ಟಲಿ, ಅವನು ಕಟ್ಟುವವರೆಗೂ ಹೊತ್ತು ಅವಳದೇ, ಹಿಂದಕ್ಕೆ, ಮುಂದಕ್ಕೆ, ರಟ್ಟೆ ಉರಿಯುತ್ತಿದೆ, ಉರಿಯಲಿ, ಹಿಂದಕ್ಕೆ, ಏನೋ ಟಿಕ್ಕೆಂದಿತು, ತನ್ನ ಮೂಳೆಯೇ ಇರಬೇಕು, ಮುಂದಕ್ಕೆ, ಮೂಳೆಯಲ್ಲ — ಹಾರೆಗೇ ಜೋತುಬಿದ್ದು ತಲೆಯೆತ್ತಿದಳು, ಗೆರೆ, ಚಕ್ರದ ಮೇಲೆ ಅರ್ಧ, ಕವಚದ ಮೇಲೆ ಅರ್ಧ, ನಡುವೆ ಉಗುರಿನಷ್ಟು ಜಾಗ, ಗೆರೆ ಎರಡಾಗಿದೆ, ಗೆರೆ ಎರಡು