ಜಿನ್ನಿನ ಅಂಗಳದ ಕಟಕಟೆ

ಕೂಸನ್ನು ನೋಡುತ್ತ ಕೂತರೆ ಕೂಲಿಯವಳ ಕೈ ಓಡುವುದಿಲ್ಲ ಎನ್ನುವವರ ಬಾಯಿಗೆ ಮಣ್ಣು ಬೀಳಲಿ! ನನ್ನ ಕೈ ಓಡುತ್ತಿದ್ದುದೇ ನನ್ನ ಕೂಸು ಗಾದಿಲಿಂಗಿಯನ್ನು ನೋಡುತ್ತ.

ಯುದ್ಧ ನಡೆದಿದ್ದ ಆ ವರ್ಷ ನಾನು ಕೋಸಗಿಯಿಂದ ಆದವಾನಿಯ ಹತ್ತಿ ಜಿನ್ನಿಗೆ, ಹತ್ತಿಬೀಜ ಬಿಡಿಸುವ ಕಾರ್ಖಾನೆಗೆ, ಕೂಲಿಗೆ ಬಂದಿದ್ದೆ. ಗಂಡ ಕುರಿಗಳ ಹಿಂದೆ ಹೋಗಿದ್ದ. ಹಾಲು ಕುಡಿಯುವ ಕೂಸನ್ನು ಊರಲ್ಲಿ ಯಾರ ಕೈಗೆ ಕೊಟ್ಟು ಬರಲಿ? ಜಿನ್ನಿನ ಅಂಗಳದಲ್ಲಿ ಹಿಂದೆ ಹತ್ತಿ ಒಟ್ಟುತ್ತಿದ್ದ ಒಂದು ಮರದ ಅಟ್ಟಣಿಗೆ ಇತ್ತು, ಸೊಂಟದೆತ್ತರ, ಸುತ್ತಲೂ ಮರದ ಪಟ್ಟಿಗಳ ಕಟಕಟೆ. ಮಕ್ಕಳನ್ನು ಅದರ ಮೇಲೆ ಮುದುಕಿ ಪೀರಮ್ಮನ ಕಾವಲಿಗೆ ಬಿಟ್ಟು, ನಾವು ಹೆಂಗಸರು ಎದುರಿನ ಚಪ್ಪರದಲ್ಲಿ ಹತ್ತಿಯ ಕಸ ಆರಿಸುತ್ತಿದ್ದೆವು. ಹಾಲೂಡಿಸಲು ಬಿಡುತ್ತಿದ್ದುದು ಮಧ್ಯಾಹ್ನದ ಗಂಟೆಗೆ ಮಾತ್ರ. ಅಲ್ಲಿಯತನಕ ಕಟಕಟೆಯ ಸಂದಿಯಲ್ಲಿ ಅವಳ ಮುಖ ಕಂಡರೆ ನನಗೆ ಸಮಾಧಾನ.

ಅಟ್ಟಣಿಗೆಯೋ, ಬಿಸಿಲು ಮಳೆ ತಿಂದು ಬೂದಿ ಬಣ್ಣಕ್ಕೆ ತಿರುಗಿತ್ತು. ಮೊಳೆಗಳು ಎದ್ದಿದ್ದವು, ಹಲಗೆಯೆಲ್ಲ ಸಿಬಿರು. ಕೊನೆಗೆ ನನ್ನ ಜೊತೆಯ ಕೂಲಿಯವಳು ಲಿಂಗಕ್ಕನ ಮಗ ಕಟಕಟೆಯಲ್ಲಿ ತೂರಿ ಬಿದ್ದು ಕೈ ಮುರಿದುಕೊಂಡ ಮೇಲೆ ಜಿನ್ನಿನ ಸಾಹುಕಾರರು ಬಡಿಗ ಕೊಟ್ರಬಸಪ್ಪನನ್ನು ಕರೆಸಿದರು.

ಕೆಲಸಗಾರನಪ್ಪ ಅವನು, ಸುಳ್ಳು ಹೇಳಬಾರದು. ಕೊಳೆತ ಹಲಗೆ ಕಿತ್ತು ಹೊಸದು ಕೂಡಿಸಿದ. ಉಳಿದವಕ್ಕೆ ಉಜ್ಜುಗೊರಡು ಹಾಕಿ, ಅಗಸೆ ಎಣ್ಣೆ ಕುಡಿಸಿದ. ಆದರೆ ಆ ಪುಣ್ಯಾತ್ಮ ಕಟಕಟೆಯ ಜಾಗಕ್ಕೆ ಒಂದಿಷ್ಟೂ ಸಂದಿಯಿಲ್ಲದಂತೆ ಹಲಗೆ ಬಡಿದುಬಿಟ್ಟ! ನನ್ನ ತಲೆಗಿಂತ ಎತ್ತರ. ಒಳಗೆ ಯಾವ ಕೂಸು ಅತ್ತರೂ ನನ್ನದೇ ಎನಿಸಿ ಕುಪ್ಪಸ ಒದ್ದೆಯಾಗುತ್ತಿತ್ತು. ಎದ್ದು ಹೋಗುವಂತಿಲ್ಲ, ಕೂತಲ್ಲಿಂದ ಕಾಣುವಂತಿಲ್ಲ.

ಒಂದು ದಿನ ತಡೆಯಲಾಗದೆ ಜಗಳಕ್ಕೇ ಇಳಿದೆ. "ಏನಣ್ಣಾ, ಮಕ್ಕಳಿಗೆ ಕಟಕಟಿ ಮಾಡಿಯೋ, ಕಳ್ಳರಿಗೆ ಜೈಲು ಮಾಡಿಯೋ?"

"ಬೀಳಬಾರದು ಅಂತ ಸಾವ್ಕಾರ್ರು ಹೇಳ್ಯಾರ. ಬೀಳಂಗಿಲ್ಲ. ಇನ್ನೇನು ಬೇಕಬೇ ಹುಲುಗಮ್ಮ ನಿನಗ?"

"ನನಗ ನನ್ನ ಕೂಸು ಕಾಣಬೇಕು."

ಪೀರಮ್ಮ ನಡುವೆ ಬಾಯಿ ಹಾಕಿದಳು. "ಬ್ಯಾಡಬೇ, ಇದ್ದಂಗ ಇರಲಿ. ಕೂಸು ಹಾಯಾಗಿ ಆಡಾಕ ಹತ್ತೈತಿ."

"ಕಾಯೋದು ಹಗುರಾತು ಅಂತ ಹಿಂಗಂತಿ!" ಎಂದು ಅವಳ ಮೇಲೂ ಹರಿಹಾಯ್ದೆ. ಸಾಹುಕಾರರ ಕಾಲಿಗೆ ಬಿದ್ದೆ. ಮಕ್ಕಳ ತಲೆ ತೂರದಂತಿದ್ದರೆ ಆಗಲಿ ಎಂದರು. ಕೊಟ್ರಬಸಪ್ಪ ಗೊಣಗುತ್ತಲೇ ಚಪ್ಪರದ ಕಡೆಯ ಹಲಗೆ ಕಿತ್ತು, ಒತ್ತೊತ್ತಾಗಿ ಪಟ್ಟಿ ನಿಲ್ಲಿಸಿದ. ಎಲ್ಲಕ್ಕಿಂತ ಸಣ್ಣ ಕೂಸಿನ ಕುಲಾವಿಗೆ ಹತ್ತಿಬೀಜ ಬಿಗಿಯಾಗಿ ತುಂಬಿ, ತಲೆಯಂತೆ ಗುಂಡಗೆ ಮಾಡಿ, ಸಂದಿ ಸಂದಿಗೂ ಒತ್ತಿ ನೋಡಿದ. ಎಲ್ಲಿಯೂ ತೂರಲಿಲ್ಲ.

ಮರುದಿನ ಗಾದಿಲಿಂಗಿ ಕಂಡಳು. ಅಯ್ಯೋ ನನ್ನ ಬಂಗಾರವೇ! ಅಂಬೆಗಾಲಿಕ್ಕಿ ಅಂಚಿಗೇ ಬಂದಿದ್ದಳು. ಅವಳೂ ನನ್ನನ್ನು ಕಂಡಳು. ಹಳೆಯ ಕಟಕಟೆಯ ಕಾಲಕ್ಕೆ ಅವಳಿಗೆ ಅಷ್ಟು ದೂರದಿಂದ ನನ್ನ ಗುರುತು ಹತ್ತುತ್ತಿರಲಿಲ್ಲ, ಈಗ ಬೆಳೆದಿದ್ದಳು, ಹತ್ತಿತು. ಎರಡೂ ಕೈ ಸಂದಿಯಿಂದ ಹೊರಗೆ ಚಾಚಿ ಅಳತೊಡಗಿದಳು. ಗಂಟೆ ಹೊಡೆಯುವತನಕ ಅತ್ತಳು. ಹಾಲು ಕುಡಿಸಿ ನಾನು ಏಳುತ್ತಲೇ ಮತ್ತೆ ಶುರು. ಸಂಜೆಗೆ ದನಿ ಬಿದ್ದುಹೋಗಿತ್ತು, ಪಟ್ಟಿಗೆ ಒತ್ತಿಕೊಂಡ ಕೆನ್ನೆಯ ಮೇಲೆ ಬರೆ ಎದ್ದಿತ್ತು.

"ನೀ ಕಾಣದಿದ್ದಾಗ ಮರತು ಆಡತಿತ್ತಬೇ," ಎಂದಳು ಪೀರಮ್ಮ ಮೆಲ್ಲಗೆ. "ಕಂಡ್ರ ಹ್ಯಾಂಗ ಮರೀತೈತಿ?"

ನೋಡಬೇಕೆಂಬ ಆಸೆ ನನ್ನದು, ಅದಕ್ಕೆ ಅಳುವವಳು ಅವಳು. ಕೂಸನ್ನು ಸೊಂಟಕ್ಕೇರಿಸಿಕೊಂಡು ಬಡಿಗನ ಹತ್ತಿರ ಹೋದೆ. "ಮುಚ್ಚಿಬಿಡು ಅಣ್ಣಾ."

"ನಿನಗೇನು ತಲಿ ಕೆಟ್ಟೈತೇನಬೇ? ಮುಚ್ಚಿದ್ರ ಬೈತಿ, ತೆಗದ್ರ..." ಎಂದವನು ನನ್ನ ಮುಖ ನೋಡಿ ಸುತ್ತಿಗೆ ಕೈಗೆತ್ತಿಕೊಂಡ.

"ಒಂದು ತೂತು ಕೊರೆದುಕೊಡು, ಬೈರಿಗಿಲೆ. ಬೆರಳು ಹಿಡಿಯುವಷ್ಟು ಸಾಕು. ನಾ ಕಸದ ಬುಟ್ಟಿ ಹೊತ್ತು ಆ ಕಡೆ ಹಾಯುವಾಗ ನನಗ ಆಕಿ ಕಾಣಬೇಕು. ಆಕಿಗೆ ನಾ ಕಾಣಬಾರದು."

ಹಲಗೆ ಮತ್ತೆ ಕೂತ ಮೇಲೆ, ಕಸ ಚೆಲ್ಲಿ ಬರುವಾಗ ಬುಟ್ಟಿ ಇಳಿಸಿ ತೂತಿಗೆ ಕಣ್ಣಿಟ್ಟೆ. ಗಾದಿಲಿಂಗಿ ಪೀರಮ್ಮನ ಬಳೆ ಹಿಡಿದು ಎಳೆಯುತ್ತ ನಗುತ್ತಿದ್ದಳು. ನಡುವೆ ಏಕೋ ಈ ಕಡೆ ತಿರುಗಿದಳು. ಎದೆ ಜುಮ್ಮೆಂದು ಹಾಲು ಇಳಿಯಿತು, ಹೆಸರು ಹಿಡಿದು ಕೂಗಬೇಕೆನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವಳು ಏನೂ ಕಾಣದೆ ಮತ್ತೆ ಬಳೆಯ ಕಡೆ ತಿರುಗಿದಳು.